ದಾರಿಗೆ ಅಡ್ಡ ಬರುವ ಕಾಡುಪ್ರಾಣಿ: ಗಾಡಿ ಓಡಿಸುವವರೂ ಗಾಡಿ ಹತ್ತುವವರೂ ತಿಳಿಯಬೇಕಾದ ಪಾಠ



ನಮ್ಮ ಮೂಡಿಗೆರೆ, ಕಳಸ, ಚಿಕ್ಕಮಗಳೂರು ಭಾಗದಲ್ಲಿ ಗಾಡಿಯ ಸಂಬಂಧ ಇಲ್ಲದ ಮನೆ ಕಡಿಮೆ. ಒಬ್ಬರ ಯಜಮಾನರು ಲಾರಿ ಡ್ರೈವರ್, ಇನ್ನೊಬ್ಬರ ಮಗ ಪಿಕಪ್ ಓಡಿಸುತ್ತಾನೆ, ಮತ್ತೊಬ್ಬರ ತಮ್ಮ ಕ್ಲೀನರ್. ನಾವೂ ತೋಟದ ಕೆಲಸಕ್ಕೆ ಬೆಳಿಗ್ಗೆ ಜೀಪಿನಲ್ಲೋ ಪಿಕಪ್‌ನಲ್ಲೋ ಹೋಗಿ ಸಂಜೆ ಅದರಲ್ಲೇ ಬರುತ್ತೇವೆ. ಸಂಘದ ಸಾಲದಿಂದ ಗಾಡಿ ತೆಗೆದವರೂ ಇದ್ದಾರೆ. ಹಾಗಾಗಿ ರಸ್ತೆಯಲ್ಲಿ ಕಡವೆಯೋ ಕಾಟಿಯೋ ಆನೆಯೋ ಎದುರಾದರೆ ಏನು ಮಾಡಬೇಕು ಅನ್ನುವುದು ಗಂಡಸರಿಗೆ ಮಾತ್ರ ಸೇರಿದ ವಿಷಯ ಅಲ್ಲ. ಈ ತಿಂಗಳ ಸಭೆಯಲ್ಲಿ ಇದನ್ನು ಓದಿ ಚರ್ಚೆ ಮಾಡೋಣ.

ಈ ಪಾಠದ ಉದ್ದೇಶ

1. ಪ್ರಾಣಿಗಳು ಯಾವಾಗ, ಯಾಕೆ ರಸ್ತೆಗೆ ಬರುತ್ತವೆ ಎಂದು ತಿಳಿಯುವುದು.
2. ಡ್ರೈವರ್ ಏನು ಮಾಡಬೇಕು, ಗಾಡಿಯಲ್ಲಿ ಕೂತವರು ಏನು ಮಾಡಬೇಕು ಎಂದು ತಿಳಿಯುವುದು.
3. ಅಪಘಾತ ಆದರೆ ಕಾನೂನು ಮತ್ತು ವಿಮೆ ಏನು ಹೇಳುತ್ತದೆ ಎಂದು ತಿಳಿಯುವುದು.
4. ಸಂಘದಿಂದ ಏನು ಮಾಡಬಹುದು ಎಂದು ತೀರ್ಮಾನಿಸುವುದು.

ಪ್ರಾಣಿ ಯಾಕೆ ರಸ್ತೆಗೆ ಬರುತ್ತದೆ?

"ಮೊದಲೆಲ್ಲ ಹೀಗೆ ಬರ್ತಿರ್ಲಿಲ್ಲ, ಈಗ ನಡುರಸ್ತೆಯಲ್ಲೇ ನಿಲ್ತಾವೆ" ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ನಮ್ಮ ಸುತ್ತಮುತ್ತ ನೋಡಿದರೆ ಕಾರಣ ಗೊತ್ತಾಗುತ್ತದೆ. ಒಂದು ಕಡೆ ಮುತ್ತೋಡಿ ಕಾಡನ್ನು ಒಳಗೊಂಡ ಭದ್ರಾ ಅಭಯಾರಣ್ಯ ಇದೆ. ಇದು 1998ರಿಂದ ಹುಲಿ ಯೋಜನೆಗೆ ಸೇರಿದೆ. ಇನ್ನೊಂದು ಕಡೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕೆಳಗೆ ಚಾರ್ಮಾಡಿ ಘಾಟಿಯ ಕಾಡು. ಇವುಗಳ ನಡುವೆ ನಮ್ಮ ಕಾಫಿ ತೋಟ, ಗದ್ದೆ, ಹಾಡ್ಯ, ಊರು. ನೆರಳಿನ ಮರ, ನೀರು, ಹಲಸಿನ ಹಣ್ಣು, ಬಾಳೆ ಎಲ್ಲ ಇರುವ ತೋಟ ಪ್ರಾಣಿಗೆ ಕಾಡಿನ ಹಾಗೇ ಕಾಣುತ್ತದೆ. ಒಂದು ತೋಟದಿಂದ ಇನ್ನೊಂದು ತೋಟಕ್ಕೆ ದಾಟುವಾಗ ಮಧ್ಯೆ ರಸ್ತೆ ಸಿಗುತ್ತದೆ. ನಾವು ದಾರಿ ಅನ್ನುವುದು ಅದಕ್ಕೆ ಬರೀ ಒಂದು ಅಡ್ಡಿ.

ವರ್ಷದಲ್ಲಿ ಕೆಲವು ಕಾಲ ಅಪಾಯ ಜಾಸ್ತಿ:

* ಮೇಯಿಂದ ಜುಲೈ: ಹಲಸು ಹಣ್ಣಾಗುವ ಕಾಲ. ರಸ್ತೆ ಪಕ್ಕದ ಮರಕ್ಕೆ ಆನೆ ಬರುತ್ತದೆ.
* ಜೂನ್‌ನಿಂದ ಸೆಪ್ಟೆಂಬರ್: ಮಳೆ, ಮಂಜು. ಹತ್ತಡಿ ಮುಂದೆ ಏನಿದೆ ಗೊತ್ತಾಗುವುದಿಲ್ಲ. ಬ್ರೇಕ್ ಹಾಕಿದರೆ ಗಾಡಿ ಜಾರುತ್ತದೆ.
* ಅಕ್ಟೋಬರ್‌ನಿಂದ ಡಿಸೆಂಬರ್: ಭತ್ತ ತೆನೆ ಕಟ್ಟಿ ಕುಯ್ಲಿಗೆ ಬರುತ್ತದೆ. ಆನೆ, ಹಂದಿ, ಕಾಟಿ ಗದ್ದೆಗೆ ಇಳಿಯುತ್ತವೆ.
* ನವೆಂಬರ್‌ನಿಂದ ಮಾರ್ಚ್: ಮೊದಲು ಅರೇಬಿಕಾ, ನಂತರ ರೋಬಸ್ಟಾ ಕೊಯ್ಲು. ಕೂಲಿಯವರ ಪಿಕಪ್, ಕಾಫಿ ಮೂಟೆಯ ಲಾರಿ ಹೊತ್ತಲ್ಲದ ಹೊತ್ತಿನಲ್ಲೂ ಓಡಾಡುತ್ತವೆ.

ದಿನದಲ್ಲಿ ನೋಡಿದರೆ ನಸುಕು ಮತ್ತು ಮುಸ್ಸಂಜೆ ಅತಿ ಅಪಾಯದ ಹೊತ್ತು. ಪ್ರಾಣಿ ಮೇವಿಗೆ ಹೊರಡುವುದು, ಹಿಂತಿರುಗುವುದು ಆಗಲೇ. ನಾವು ಕೆಲಸಕ್ಕೆ ಹೊರಡುವುದು, ಮನೆಗೆ ಬರುವುದೂ ಆಗಲೇ. ಅಪಘಾತದ ಮೂಲ ಇಲ್ಲೇ ಇದೆ.

ಯಾವ ಪ್ರಾಣಿ ಹೇಗೆ ವರ್ತಿಸುತ್ತದೆ?

ಜಿಂಕೆ, ಕಡವೆ, ಕಾಡುಕುರಿ: ಇವುಗಳ ಕಣ್ಣು ಕತ್ತಲೆಯಲ್ಲಿ ನೋಡುವುದಕ್ಕೆ ಹೊಂದಿಕೊಂಡಿದೆ. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ, ಅದಕ್ಕೇ ಲೈಟಿಗೆ ಕಣ್ಣು ಹೊಳೆಯುವುದು. ಜೋರು ಲೈಟು ಬಿದ್ದರೆ ಅವಕ್ಕೆ ಕಣ್ಣು ಕತ್ತಲೆ ಕಟ್ಟುತ್ತದೆ, ಎತ್ತ ಹೋಗಬೇಕು ತಿಳಿಯದೆ ನಿಂತಲ್ಲೇ ನಿಲ್ಲುತ್ತವೆ, ಇಲ್ಲವೇ ಗಾಡಿ ಕಡೆಗೇ ಹಾರುತ್ತವೆ. "ಅದಾಗೇ ಬಂದು ಗಾಡಿಗೆ ಬಿತ್ತು ಮಾರಾಯ್ರೆ" ಎಂದು ಡ್ರೈವರ್ ಹೇಳುವುದು ಎಷ್ಟೋ ಸಲ ಸುಳ್ಳಲ್ಲ. ಇನ್ನೊಂದು ಮಾತು: ಜಿಂಕೆ ಒಂದೇ ಇರುವುದು ಅಪರೂಪ. ಒಂದು ದಾಟಿತು ಎಂದರೆ ಹಿಂದೆ ಇನ್ನೊಂದು ಇದೆ ಎಂದೇ ತಿಳಿಯಬೇಕು. ದೊಡ್ಡ ಗಂಡು ಕಡವೆ 200 ಕಿಲೋ ದಾಟುತ್ತದೆ. ಬೈಕಿನವನಿಗೆ ಅದು ಗೋಡೆಗೆ ಗುದ್ದಿದ ಹಾಗೆ.

ಕಾಟಿ: ಮೈ ಕಪ್ಪು, ಟಾರು ರಸ್ತೆ ಕಪ್ಪು, ರಾತ್ರಿ ಕಪ್ಪು. ತಲೆ ಆ ಕಡೆ ತಿರುಗಿಸಿ ನಿಂತಿದ್ದರೆ ಕಣ್ಣೂ ಹೊಳೆಯುವುದಿಲ್ಲ. ಮೊಣಕಾಲಿನ ಕೆಳಗಿನ ಬಿಳಿ ಮಾತ್ರ ಕಾಣಬಹುದು. ದೊಡ್ಡ ಗಂಡು ಕಾಟಿ 800 ಕಿಲೋದಿಂದ ಒಂದು ಟನ್ ತೂಗುತ್ತದೆ. ಸಾಧಾರಣವಾಗಿ ತಾನಾಗಿ ಮೇಲೆ ಬೀಳುವ ಪ್ರಾಣಿ ಅಲ್ಲ. ಆದರೆ ಗುಂಪಿನ ಮಧ್ಯೆ ಗಾಡಿ ನುಗ್ಗಿಸಿದರೆ, ಹಾರ್ನ್ ಹೊಡೆದು ಅಟ್ಟಿದರೆ ಗಾಬರಿಯಿಂದ ಓಡಿ ಗುದ್ದುತ್ತದೆ.

ಕಾಡುಹಂದಿ: ಗಿಡ್ಡ, ಗಟ್ಟಿ, ವೇಗ. ಸಾಲಾಗಿ ದಾಟುತ್ತವೆ. ಬೈಕು, ಆಟೋಗಳಿಗೆ ಹೆಚ್ಚು ಅಪಾಯ.

ಆನೆ: ಇದಕ್ಕೆ ಬೇರೆಯದೇ ಲೆಕ್ಕ. ದೊಡ್ಡ ಗಂಡಾನೆ ನಾಲ್ಕೈದು ಟನ್ ತೂಗುತ್ತದೆ. ಪಿಕಪ್ಪನ್ನು ಉರುಳಿಸುವುದು ಅದಕ್ಕೆ ಕಷ್ಟದ ಕೆಲಸ ಅಲ್ಲ. ಮರಿ ಇರುವ ತಾಯಿ, ಮದ ಬಂದ ಒಂಟಿ ಸಲಗ ಇವೆರಡಕ್ಕೆ ಹೆಚ್ಚು ಹೆದರಬೇಕು. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಹುಲ್ಲೇಮನೆ ಕುಂದೂರಿನಲ್ಲಿ ಆನೆ ದಾಳಿಗೆ ಒಬ್ಬ ಮಹಿಳೆ ಜೀವ ಕಳೆದುಕೊಂಡಾಗ ಊರಿನ ದುಃಖ, ಸಿಟ್ಟು ಎಷ್ಟಿತ್ತು ಎಂದು ನಮಗೆಲ್ಲ ಗೊತ್ತು. ಆ ನಂತರವೇ ಸರ್ಕಾರ ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ರಚಿಸಿತು.

ವೇಗದ ಲೆಕ್ಕ

ಸಂಘದಲ್ಲಿ ನಾವು ಬಡ್ಡಿಯ ಲೆಕ್ಕ ಮಾಡುತ್ತೇವೆ. ವೇಗದ ಲೆಕ್ಕವನ್ನೂ ಒಮ್ಮೆ ಮಾಡಿ ನೋಡೋಣ.

ಪ್ರಾಣಿ ಕಂಡ ಮೇಲೆ ಡ್ರೈವರ್‌ನ ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟು ಹೊತ್ತೂ ಗಾಡಿ ಓಡುತ್ತಲೇ ಇರುತ್ತದೆ.

* ಗಂಟೆಗೆ 40 ಕಿಲೋಮೀಟರ್ ವೇಗ: ಬ್ರೇಕ್ ತುಳಿಯುವ ಮೊದಲು ಸುಮಾರು 17 ಮೀಟರ್, ತುಳಿದ ಮೇಲೆ ಸುಮಾರು 12 ಮೀಟರ್. ಒಟ್ಟು ಸುಮಾರು 30 ಮೀಟರ್.
* ಗಂಟೆಗೆ 60 ಕಿಲೋಮೀಟರ್ ವೇಗ: ಮೊದಲು 25 ಮೀಟರ್, ನಂತರ ಸುಮಾರು 28 ಮೀಟರ್. ಒಟ್ಟು 50 ಮೀಟರಿಗೂ ಹೆಚ್ಚು.

ಇದು ಒಣ ರಸ್ತೆಯ ಲೆಕ್ಕ. ಮಳೆಯಲ್ಲಿ, ಇಳಿಜಾರಿನಲ್ಲಿ, ಮೂಟೆ ತುಂಬಿದ ಲಾರಿಗೆ ಇನ್ನೂ ಜಾಸ್ತಿ ದೂರ ಬೇಕು. ತಗ್ಗಿಸಿದ ಲೈಟಿನಲ್ಲಿ ನಮಗೆ ಚೆನ್ನಾಗಿ ಕಾಣುವುದು ಹೆಚ್ಚುಕಡಿಮೆ 40 ಮೀಟರ್. ಅಂದರೆ 40ರ ವೇಗದಲ್ಲಿ ಬಂದವನು ಕಡವೆ ಕಂಡ ಮೇಲೆ ನಿಲ್ಲಿಸಬಲ್ಲ. 60ರಲ್ಲಿ ಬಂದವನು ಎಷ್ಟೇ ಹುಷಾರಿದ್ದರೂ ಗುದ್ದಿದ ಮೇಲೇ ನಿಲ್ಲುವುದು.

ಇನ್ನು ಸಮಯ. 20 ಕಿಲೋಮೀಟರ್ ದಾರಿಗೆ 60ರ ವೇಗದಲ್ಲಿ 20 ನಿಮಿಷ, 40ರಲ್ಲಿ 30 ನಿಮಿಷ. ಉಳಿಯುವುದು ಹತ್ತೇ ನಿಮಿಷ. ಆ ಹತ್ತು ನಿಮಿಷಕ್ಕೆ ಎಷ್ಟು ಬೆಲೆ ಕೊಡಬೇಕಾಗಬಹುದು? ಒಬ್ಬ ಸದಸ್ಯೆ ಸಂಘದ ಸಾಲದಿಂದ ಹಳೆಯ ಪಿಕಪ್ ತೆಗೆದುಕೊಂಡಿದ್ದಾರೆ, ತಿಂಗಳ ಕಂತು 8,000 ರೂಪಾಯಿ ಎಂದುಕೊಳ್ಳೋಣ. ಕಾಟಿಗೆ ಗುದ್ದಿ ಮುಂಭಾಗ ಹೋಯಿತು, ರಿಪೇರಿಗೆ 45,000 ರೂಪಾಯಿ. ಗಾಡಿ 25 ದಿನ ಗ್ಯಾರೇಜಿನಲ್ಲಿ. ದಿನಕ್ಕೆ ಕೈಗೆ ಉಳಿಯುತ್ತಿದ್ದುದು 700 ರೂಪಾಯಿ ಎಂದರೂ 17,500 ರೂಪಾಯಿ ನಷ್ಟ. ಒಟ್ಟು 62,500. ಸುಮಾರು ಎಂಟು ತಿಂಗಳ ಕಂತು! ಇದು ಯಾರ ಮೈಗೂ ಪೆಟ್ಟಾಗದಿದ್ದರೆ ಆಗುವ ಲೆಕ್ಕ. ಜೀವ ಹೋದರೆ ಲೆಕ್ಕಕ್ಕೇ ಸಿಗುವುದಿಲ್ಲ.

ಡ್ರೈವರ್ ಏನು ಮಾಡಬೇಕು?

ಈ ಭಾಗವನ್ನು ಮನೆಯಲ್ಲಿ ಗಾಡಿ ಓಡಿಸುವವರಿಗೆ ಓದಿ ಹೇಳಿ.

1. ಕಾಡಂಚಿನ ರಸ್ತೆ, ತೋಟದ ನಡುವಿನ ತಿರುವು, ಸೇತುವೆ, ಹಳ್ಳ ಬಂದಾಗ ವೇಗ ಇಳಿಸಬೇಕು. "ಪ್ರಾಣಿ ದಾಟುವ ಸ್ಥಳ" ಎಂಬ ಬೋರ್ಡನ್ನು ಸುಮ್ಮನೆ ಹಾಕಿರುವುದಿಲ್ಲ.
2. ಮಂಜಿನಲ್ಲಿ ಹೈಬೀಮ್ ಹಾಕಬಾರದು. ಬೆಳಕು ಮಂಜಿಗೆ ಹೊಡೆದು ನಮ್ಮ ಕಣ್ಣಿಗೇ ಬರುತ್ತದೆ.
3. ಜಿಂಕೆ, ಕಡವೆ ಕಂಡರೆ ಲೈಟು ತಗ್ಗಿಸಿ, ನಿಧಾನಿಸಿ, ನಿಲ್ಲಿಸಿ. ಒಂದು ದಾಟಿದ ಮೇಲೂ ಸ್ವಲ್ಪ ಕಾಯಿರಿ.
4. ತೀರಾ ಹತ್ತಿರ ಬಂದುಬಿಟ್ಟರೆ ಬ್ರೇಕ್ ಗಟ್ಟಿಯಾಗಿ ತುಳಿದು ಸ್ಟೇರಿಂಗ್ ನೇರ ಹಿಡಿಯಿರಿ. ಪ್ರಾಣಿಯನ್ನು ತಪ್ಪಿಸಲು ಹೋಗಿ ಗಾಡಿ ಪ್ರಪಾತಕ್ಕೆ ಬೀಳುವುದು, ಮರಕ್ಕೆ ಅಥವಾ ಎದುರಿನ ಬಸ್ಸಿಗೆ ಗುದ್ದುವುದು ಇನ್ನೂ ದೊಡ್ಡ ಅನಾಹುತ. ಚಾರ್ಮಾಡಿಯಂಥ ಘಾಟಿಯಲ್ಲಿ ಒಂದು ಕಡೆ ಗುಡ್ಡ, ಒಂದು ಕಡೆ ಕಣಿವೆ. ಪಕ್ಕಕ್ಕೆ ಎಳೆಯಲು ಜಾಗವೇ ಇಲ್ಲ.
5. ಕಾಟಿ ಗುಂಪು ಇದ್ದರೆ ಪೂರ್ತಿ ದಾಟುವವರೆಗೆ ಕಾಯಬೇಕು. ನಡುವೆ ನುಗ್ಗಬಾರದು.
6. ಆನೆ ಕಂಡರೆ ದೂರದಲ್ಲೇ ನಿಲ್ಲಿಸಬೇಕು. ಹಾರ್ನ್ ಬೇಡ, ಲೈಟು ಮಿಣುಕಿಸುವುದು ಬೇಡ, ಕೂಗಾಟ ಬೇಡ. ಇಂಜಿನ್ ಚಾಲೂ ಇರಲಿ. ಹಿಂದಿನ ಗಾಡಿಗಳಿಗೆ ತಿಳಿಯಲು ನಾಲ್ಕೂ ಇಂಡಿಕೇಟರ್ ಹಾಕಿ. ಆನೆ ಮುಂದೆ ಬಂದರೆ ನಿಧಾನವಾಗಿ ಹಿಂದಕ್ಕೆ ತೆಗೆಯಿರಿ. ತುಂಬಿದ ಲಾರಿಯನ್ನು ತಿರುವಿನಲ್ಲಿ ಹಿಂದಕ್ಕೆ ತೆಗೆಯುವುದು ಕಷ್ಟ, ಅದಕ್ಕೇ ದೂರದಲ್ಲೇ ನಿಲ್ಲಿಸಬೇಕು ಅನ್ನುವುದು.
7. ತಾಯಿ ಮತ್ತು ಮರಿ ರಸ್ತೆಯ ಎರಡು ಬದಿಯಲ್ಲಿದ್ದರೆ ನಡುವೆ ಹೋಗಲೇಬಾರದು.
8. ಫೋಟೋ, ವಿಡಿಯೋ ಎಂದು ಕೆಳಗೆ ಇಳಿಯಬಾರದು.
9. ಕುಡಿದು, ನಿದ್ದೆಗೆಟ್ಟು ಗಾಡಿ ಹತ್ತಬಾರದು.

ಗಾಡಿಯಲ್ಲಿ ಕೂತವರು ಮತ್ತು ಮನೆಯಲ್ಲಿರುವವರು

ಪಿಕಪ್‌ನ ಹಿಂದೆ ನಿಂತುಕೊಂಡು, ಡಾಲಾ ಮೇಲೆ ಕೂತುಕೊಂಡು ಹೋಗುವಾಗ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದರೆ ಮೊದಲು ಹಾರಿ ಬೀಳುವವರು ನಾವು. ಪ್ರಾಣಿಗೆ ಗುದ್ದದೆಯೇ ಸೊಂಟ, ಕೈ ಮುರಿದುಕೊಳ್ಳಬಹುದು. ಸೀಟು ಇರುವ ಜೀಪು ಅಥವಾ ಟೆಂಪೋ ಕೊಡಿ ಎಂದು ಮೇಸ್ತ್ರಿ ಹತ್ತಿರ, ತೋಟದ ಸಾಹುಕಾರರ ಹತ್ತಿರ ಕೇಳುವುದು ಸೊಕ್ಕಿನ ಮಾತಲ್ಲ. ಒಬ್ಬಳು ಕೇಳಿದರೆ "ನಾಳೆಯಿಂದ ಬರಬೇಡ" ಅನ್ನಬಹುದು. ಹದಿನೈದು ಜನ ಒಟ್ಟಾಗಿ ಕೇಳಿದರೆ ಹಾಗೆ ಅನ್ನುವುದು ಸುಲಭ ಅಲ್ಲ. ಬೆಳಕು ಹರಿದ ಮೇಲೆ ಹೊರಟು, ಕತ್ತಲಾಗುವ ಮೊದಲು ಮನೆ ಸೇರುವ ಹಾಗೆ ಕೆಲಸದ ಹೊತ್ತು ಇಡಿ ಎಂದೂ ಹಾಗೆಯೇ ಕೇಳಬಹುದು. "ಅಣ್ಣ, ಸ್ವಲ್ಪ ನಿಧಾನ ಹೋಗಿ, ಮನೇಲಿ ಮಕ್ಕಳಿದಾವೆ" ಎಂದು ಡ್ರೈವರ್‌ಗೆ ಹೇಳಲು ಯಾರೂ ಹಿಂಜರಿಯಬಾರದು.

ಮನೆಯಲ್ಲಿರುವವರಿಗೂ ಒಂದು ಮಾತು. ಯಜಮಾನರು ಸಂಜೆ ಬರುವುದು ತಡವಾದರೆ ನಾವು "ಎಲ್ಲಿದ್ದೀರಿ, ಬೇಗ ಬನ್ನಿ" ಎಂದು ನಾಲ್ಕು ಸಲ ಫೋನ್ ಮಾಡುತ್ತೇವೆ. ಅವರು ಒಂದು ಕೈಯಲ್ಲಿ ಫೋನ್ ಹಿಡಿದು ತಿರುವು ತೆಗೆಯುತ್ತಾರೆ. ಪ್ರೀತಿಯಿಂದ ಮಾಡಿದ ಫೋನೇ ಅಪಾಯ ತರುತ್ತದೆ. ಹೊರಡುವಾಗ ಒಮ್ಮೆ, ತಲುಪಿದಾಗ ಒಮ್ಮೆ ಅವರೇ ಮಾಡಲಿ ಎಂದು ಮನೆಯಲ್ಲಿ ಮಾತಾಡಿಕೊಳ್ಳಿ.

ಗುದ್ದಿಬಿಟ್ಟರೆ?

ಮೊದಲು ಮನುಷ್ಯರು. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಪೆಟ್ಟಾದವರನ್ನು ನೋಡಿ, 108 ಅಥವಾ 112ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಹೋಗುವವರು ಸಹಾಯ ಮಾಡಿದರೆ "ಪೊಲೀಸ್ ಕೇಸಿಗೆ ಸಿಕ್ಕಿಬೀಳ್ತೀವಿ" ಎಂದು ಹೆದರಬೇಕಾಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದ್ದಾರೆ. 2025ರ ಮೇಯಿಂದ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ಹಣ ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆಯೂ ಇದೆ. ಆಸ್ಪತ್ರೆಯಲ್ಲಿ ಕೇಳಿ.

ನಂತರ ಪ್ರಾಣಿ. ಗಾಯಗೊಂಡ ಪ್ರಾಣಿಯ ಹತ್ತಿರ ಹೋಗಬೇಡಿ. ಕಾಲು ಮುರಿದ ಕಡವೆಯೂ ಕೊಂಬಿನಿಂದ ತಿವಿಯುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ, ಇಲ್ಲವೇ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ.

ಇಲ್ಲಿ ಒಂದು ಮಾತನ್ನು ನೇರವಾಗಿಯೇ ಹೇಳಬೇಕು. ರಸ್ತೆಯಲ್ಲಿ ಸತ್ತ ಜಿಂಕೆ, ಕಡವೆ, ಹಂದಿ "ಹೇಗೂ ಸತ್ತಿದೆಯಲ್ಲ" ಎಂದು ಪಾಲು ಮಾಡುವ ರೂಢಿ ಕೆಲವು ಕಡೆ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೀಗೆ ಸತ್ತ ಪ್ರಾಣಿ, ಅದರ ಮಾಂಸ, ಚರ್ಮ, ಕೊಂಬು ಎಲ್ಲವೂ ಸರ್ಕಾರದ ಸ್ವತ್ತು. ಹೇಗೆ ಕೈಗೆ ಬಂದರೂ 48 ಗಂಟೆಯೊಳಗೆ ತಿಳಿಸಬೇಕು. ಮಾಂಸ ಮನೆಗೆ ತಂದರೆ ಜೈಲು ಶಿಕ್ಷೆಯವರೆಗೆ ಹೋಗುತ್ತದೆ, ಸಾಗಿಸಿದ ಗಾಡಿಯನ್ನೂ ಜಪ್ತಿ ಮಾಡಬಹುದು. ಅಡುಗೆ ಮನೆಯಲ್ಲಿ ಸಿಕ್ಕಿದರೆ ಮೊದಲು ಉತ್ತರ ಕೊಡಬೇಕಾದವಳು ಹೆಂಗಸು. "ಇದು ನಮ್ಮ ಮನೆಗೆ ಬೇಡ" ಎಂದು ಹೇಳುವ ಹಕ್ಕು ನಮಗಿದೆ.

ವಿಮೆಯ ವಿಷಯ

* ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ, ಪ್ರಾಣಿಗೆ ಗುದ್ದಿ ನಮ್ಮ ಗಾಡಿಗೆ ಆದ ನಷ್ಟಕ್ಕೆ ಒಂದು ಪೈಸೆಯೂ ಬರುವುದಿಲ್ಲ. ಅದಕ್ಕೆ ಸಮಗ್ರ ವಿಮೆ ಇರಬೇಕು. ಗಾಡಿಗೆ ಸಾಲ ಕೊಡುವಾಗ ಸಂಘ ಇದನ್ನು ಕೇಳಬೇಕು.
* ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಕೊಂಡು ಹೋಗುವ ಪ್ರಯಾಣಿಕರಿಗೆ ಆ ಗಾಡಿಯ ಕಡ್ಡಾಯ ವಿಮೆ ಅನ್ವಯಿಸುವುದಿಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಂದರೆ ಪಿಕಪ್‌ನಲ್ಲಿ ಕುರಿಗಳ ಹಾಗೆ ತುಂಬಿಕೊಂಡು ಹೋಗುವ ನಮಗೆ ಏನಾದರೂ ಆದರೆ ವಿಮಾ ಕಂಪನಿ ಕೈ ಎತ್ತಬಹುದು. ಸೀಟಿರುವ ಗಾಡಿ ಕೇಳಲು ಇದೂ ಒಂದು ಕಾರಣ.
* ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದ, ಬ್ಯಾಂಕ್ ಖಾತೆ ಇರುವ ಯಾರಾದರೂ ಸೇರಬಹುದು. ಅಪಘಾತದಲ್ಲಿ ಮರಣವಾದರೆ 2 ಲಕ್ಷ ರೂಪಾಯಿ. ಹಣ ಖಾತೆಯಿಂದಲೇ ಕಡಿತವಾಗುತ್ತದೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣ ಇರಬೇಕು, ಇಲ್ಲದಿದ್ದರೆ ವಿಮೆ ನಿಲ್ಲುತ್ತದೆ.
* ಕಾಡುಪ್ರಾಣಿ ದಾಳಿಯಿಂದ ಸಾವು, ಗಾಯ ಆದರೆ ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ ಹಾಕಬಹುದು. ಪೊಲೀಸ್ ದೂರು, ವೈದ್ಯರ ಪತ್ರ ಎಲ್ಲ ಜೋಪಾನ ಮಾಡಿ.

ಬೇರೆ ಊರುಗಳಲ್ಲಿ ಏನು ಮಾಡಿದ್ದಾರೆ?

ಬಂಡೀಪುರದ ಹೆದ್ದಾರಿಯಲ್ಲಿ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದರು. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ಅವಕಾಶ. ವಿರೋಧ ಬಂದರೂ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಧ್ಯಪ್ರದೇಶ, ಮಹಾರಾಷ್ಟ್ರ ಗಡಿಯ ಪೆಂಚ್ ಕಾಡಿನಲ್ಲಿ 44ನೇ ಹೆದ್ದಾರಿಯನ್ನು ಅಲ್ಲಲ್ಲಿ ಕಂಬದ ಮೇಲೆ ಎತ್ತರಿಸಿ, ಕೆಳಗೆ ಪ್ರಾಣಿ ದಾಟಲು ಒಂಬತ್ತು ಕಡೆ ದಾರಿ ಬಿಟ್ಟಿದ್ದಾರೆ. ಹುಲಿಗಳೂ ಅದರಲ್ಲಿ ಓಡಾಡುತ್ತವೆ. ಕೆನಡಾ ದೇಶದ ಬ್ಯಾನ್ಫ್ ಕಾಡಿನಲ್ಲಿ ಹೆದ್ದಾರಿಗೆ ಬೇಲಿ ಹಾಕಿ, ಪ್ರಾಣಿಗಳಿಗೇ ಸೇತುವೆ ಕಟ್ಟಿದ ಮೇಲೆ ಅಪಘಾತ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಇಳಿಯಿತು.

ನಮಗೆ ಹತ್ತಿರದ ಉದಾಹರಣೆ ತಮಿಳುನಾಡಿನ ವಾಲ್ಪಾರೈ. ಅಲ್ಲೂ ನಮ್ಮ ಹಾಗೇ ಚಹಾ, ಕಾಫಿ ತೋಟ, ತೋಟದ ಕೂಲಿಯವರು, ಆನೆ. ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ, ಎತ್ತರದ ಜಾಗದಲ್ಲಿ ಕೆಂಪು ದೀಪ ಇಟ್ಟರು. ದೀಪ ಉರಿದರೆ ಜನ ಆ ದಾರಿ ಬಿಡುತ್ತಾರೆ. ಪಕ್ಕದ ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಕಡೆಯೂ ಸಂದೇಶ, ಬೋರ್ಡುಗಳ ಮೂಲಕ ಹೀಗೆ ತಿಳಿಸುವ ಕೆಲಸ ನಡೆದಿದೆ. ಆನೆ ಎಲ್ಲಿದೆ ಎಂಬ ಸುದ್ದಿ ಹೊತ್ತಿಗೆ ಸರಿಯಾಗಿ ತಲುಪಿದರೆ ಜೀವ ಉಳಿಯುತ್ತದೆ.

ನಮ್ಮ ಸಂಘ ಏನು ಮಾಡಬಹುದು?

1. ನಮ್ಮ ಊರಿನ ರಸ್ತೆಯಲ್ಲಿ ಪ್ರಾಣಿ ದಾಟುವ ಜಾಗಗಳನ್ನು ಪಟ್ಟಿ ಮಾಡಿ, ಬೋರ್ಡು ಮತ್ತು ಉಬ್ಬು ಹಾಕಿಸಲು ಗ್ರಾಮ ಪಂಚಾಯಿತಿಗೆ, ಗ್ರಾಮಸಭೆಯಲ್ಲಿ ಅರ್ಜಿ ಕೊಡುವುದು.
2. ಆನೆ ಕಂಡ ಸುದ್ದಿ ಎಲ್ಲ ಸದಸ್ಯೆಯರಿಗೂ ತಲುಪುವ ಹಾಗೆ ಇಬ್ಬರಿಗೆ ಜವಾಬ್ದಾರಿ ಕೊಡುವುದು. ಮೊಬೈಲ್ ಇಲ್ಲದವರ ಮನೆಗೆ ಯಾರು ಹೇಳುತ್ತಾರೆ ಎಂಬುದನ್ನೂ ಈಗಲೇ ಗೊತ್ತುಮಾಡುವುದು. ಗಾಳಿಸುದ್ದಿ ಹರಡಬಾರದು.
3. ರಸ್ತೆ ಪಕ್ಕದ ಹಲಸಿನ ಕಾಯಿಯನ್ನು ಹಣ್ಣಾಗುವ ಮೊದಲೇ ಮರದ ಯಜಮಾನರ ಒಪ್ಪಿಗೆಯಿಂದ ಇಳಿಸುವುದು. ಹಪ್ಪಳ, ಚಿಪ್ಸ್ ಮಾಡಿದರೆ ಸಂಘಕ್ಕೆ ಆದಾಯವೂ ಆಯಿತು.
4. ಮದುವೆ ಊಟದ ಎಲೆ, ತರಕಾರಿ ಸಿಪ್ಪೆ ರಸ್ತೆ ಬದಿಗೆ ಸುರಿಯದಂತೆ ನೋಡುವುದು. ಅದರ ವಾಸನೆಗೇ ಹಂದಿ, ಕಡವೆ ಬರುತ್ತವೆ.
5. ಎಲ್ಲ ಸದಸ್ಯೆಯರೂ, ಮನೆಯ ಡ್ರೈವರ್‌ಗಳೂ 20 ರೂಪಾಯಿ ವಿಮೆಗೆ ಸೇರಿದ್ದಾರೆಯೇ ಎಂದು ಪಾಸ್‌ಬುಕ್ ನೋಡಿ ಖಚಿತಪಡಿಸುವುದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ಪ್ರಾಣಿ ಹೆಚ್ಚು ದಾಟುವ ಮೂರು ಜಾಗ ಯಾವುವು?
2. ನಮ್ಮಲ್ಲಿ ಎಷ್ಟು ಜನ ಸರಕು ಗಾಡಿಯಲ್ಲಿ ಕೆಲಸಕ್ಕೆ ಹೋಗುತ್ತೇವೆ? ಸೀಟಿರುವ ಗಾಡಿ ಕೇಳಲು ಯಾರು, ಯಾವಾಗ ಹೋಗೋಣ?
3. ಸಂಘದ ಸಾಲದಲ್ಲಿ ತೆಗೆದ ಗಾಡಿಗಳಿಗೆ ಯಾವ ವಿಮೆ ಇದೆ? ಕೊನೆಯ ದಿನಾಂಕ ಯಾವುದು?
4. ಮನೆಯ ಡ್ರೈವರ್‌ಗೆ ಈ ಪಾಠದ ಯಾವ ಮಾತನ್ನು ಇವತ್ತೇ ಹೇಳಬೇಕು?

ಕಾಡು ನಮ್ಮ ಪಕ್ಕದಲ್ಲೇ ಇದೆ, ಪ್ರಾಣಿ ರಸ್ತೆಗೆ ಬರುವುದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಆದರೆ ಅದಕ್ಕೆ ಬೋರ್ಡು ಓದಲು ಬರುವುದಿಲ್ಲ, ಬ್ರೇಕ್ ಇಲ್ಲ. ಅದು ಎರಡೂ ನಮ್ಮ ಕೈಯಲ್ಲಿದೆ. ಚರ್ಚೆಯ ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ಸಭೆಯಲ್ಲಿ ಎಷ್ಟು ಆಯಿತು ಎಂದು ನೋಡಿ.